ಆನ್‌ಲೈನ್ ಅಂಗಡಿಗೆ ದೇಶದ ಗಡಿ ಏಕೆ?

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಸಣ್ಣ ವ್ಯಾಪಾರಸ್ಥರ ಲೆಕ್ಕಪತ್ರ ನೋಡಿಕೊಳ್ಳುವುದು ಮತ್ತು ಅವರ ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ವೃತ್ತಿ. ಮೊದಲೆಲ್ಲ ನನ್ನ ಬಳಿ ಬರುತ್ತಿದ್ದವರು ಕಿರಾಣಿ ಅಂಗಡಿಯವರು, ಗೊಬ್ಬರದಂಗಡಿಯವರು, ಅಡಿಕೆ ವ್ಯಾಪಾರಸ್ಥರು. ಈಚಿನ ವರ್ಷಗಳಲ್ಲಿ ಜೋನಿ ಬೆಲ್ಲ, ಜೇನುತುಪ್ಪ, ಕಾಳುಮೆಣಸು, ಹಾಳೆ ತಟ್ಟೆ, ಮಿಡಿ ಉಪ್ಪಿನಕಾಯಿಗಳನ್ನು ಮೊಬೈಲಿನ ಮೂಲಕವೇ ಮಾರುವ ಎಳೆಯರೂ ಬರತೊಡಗಿದ್ದಾರೆ. ಅವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ನನ್ನನ್ನು ಕೇಳುವ ಪ್ರಶ್ನೆ ಇದು: ವೆಬ್‌ಸೈಟು ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರಿಗೂ ಕಾಣುವಾಗ, ಆನ್‌ಲೈನ್ ಅಂಗಡಿಗಳು ಮೊದಲಿಗೆ ಒಂದೇ ದೇಶದ ಗ್ರಾಹಕರಿಗೆ ಮಾರುವುದೇಕೆ? ಬಂಡವಾಳದ ಕೊರತೆ ಎಂದು ಕೆಲವರು, ಧೈರ್ಯದ ಕೊರತೆ ಎಂದು ಇನ್ನು ಕೆಲವರು ತಾವೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ. ಈ ಎರಡು ಉತ್ತರಗಳನ್ನೂ ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಬಂಡವಾಳ ಮತ್ತು ಧೈರ್ಯ ಎರಡೂ ಧಾರಾಳವಾಗಿದ್ದ ಒಂದು ಅಂಗಡಿಯ ಕಥೆಯಿಂದಲೇ ತೊಡಗುತ್ತೇನೆ. ಲಂಡನ್ನಿನಲ್ಲಿ ನೆಲೆಯೂರಿದ್ದ ಬೂ ಡಾಟ್ ಕಾಮ್ ಎಂಬ ಕಂಪನಿ ಫ್ಯಾಷನ್ ಉಡುಪುಗಳನ್ನೂ ಕ್ರೀಡಾ ಉಡುಪುಗಳನ್ನೂ ಆನ್‌ಲೈನಿನಲ್ಲಿ ಮಾರಲು 1999ರ ನವೆಂಬರಿನಲ್ಲಿ ಬಾಗಿಲು ತೆರೆಯಿತು. ಅದು ತೆರೆದದ್ದು ಒಂದು ದೇಶದಲ್ಲಲ್ಲ, ಏಕಕಾಲಕ್ಕೆ 18 ದೇಶಗಳಲ್ಲಿ. ಹಲವು ಭಾಷೆ, ಹಲವು ಕರೆನ್ಸಿ, ಆಯಾ ದೇಶದ ತೆರಿಗೆ, ಆಯಾ ದೇಶದ ಸಾಗಣೆ ವ್ಯವಸ್ಥೆ ಎಲ್ಲವನ್ನೂ ಮೊದಲ ದಿನದಿಂದಲೇ ನಿಭಾಯಿಸುವ ತಂತ್ರಾಂಶವನ್ನು ಅವರು ಕಟ್ಟಲು ಹೊರಟಿದ್ದರು. ಅಂದಿನ ನಿಧಾನಗತಿಯ ಇಂಟರ್‌ನೆಟ್ ಸಂಪರ್ಕದಲ್ಲಿ ಅವರ ಭಾರವಾದ ವೆಬ್‌ಸೈಟು ತೆರೆದುಕೊಳ್ಳುವುದೇ ಕಷ್ಟವಾಗಿತ್ತು ಎಂಬುದು ನಿಜ. ಹಣವನ್ನು ನೀರಿನಂತೆ ಖರ್ಚು ಮಾಡಿದರು ಎಂಬುದೂ ನಿಜ. ಆದರೂ ಅವರ ಹೆಗಲ ಮೇಲಿದ್ದ ದೊಡ್ಡ ಹೊರೆ ಹದಿನೆಂಟು ದೇಶಗಳದ್ದು ಎಂದೇ ನನ್ನ ಅಭಿಪ್ರಾಯ. ಸುಮಾರು 13.5 ಕೋಟಿ ಡಾಲರ್ ಬಂಡವಾಳವನ್ನು ಕರಗಿಸಿ, 2000ದ ಮೇ ತಿಂಗಳಲ್ಲಿ, ಅಂದರೆ ಬಾಗಿಲು ತೆರೆದ ಆರೇಳು ತಿಂಗಳಿನಲ್ಲೇ ಆ ಕಂಪನಿ ಮುಚ್ಚಿಹೋಯಿತು.

ವ್ಯಾಪಾರದಲ್ಲಿ ವಸ್ತುವನ್ನು ಕಳಿಸುವುದು ಸುಲಭದ ಅರ್ಧ. ಕಷ್ಟದ ಅರ್ಧ ಇರುವುದು ವಾಪಸು ತೆಗೆದುಕೊಳ್ಳುವುದರಲ್ಲಿ. ಸಾಗರದ ಪೇಟೆಯ ಬಟ್ಟೆ ಅಂಗಡಿಯಿಂದ ಅಂಗಿ ಕೊಂಡವರು ಅಳತೆ ಸರಿಹೋಗದಿದ್ದರೆ ಮಾರನೆಯ ದಿನ ಬಿಲ್ಲಿನ ಜೊತೆ ಅದನ್ನು ತಂದು ಕೊಟ್ಟು ಬೇರೆಯದನ್ನು ಒಯ್ಯುತ್ತಾರೆ. ಅಂಗಡಿಯವರು ಮುಖ ಗಂಟು ಹಾಕಿಕೊಂಡಾದರೂ ಬದಲಾಯಿಸಿ ಕೊಡುತ್ತಾರೆ, ಏಕೆಂದರೆ ಇಬ್ಬರೂ ಅದೇ ಊರಿನಲ್ಲಿ ಬಾಳಬೇಕಾದವರು. ಕಣ್ಣಿಗೆ ಕಾಣದ ಅಂಗಡಿ, ಮುಟ್ಟಿ ನೋಡಲಾಗದ ಸರಕು, ಹೆಸರು ಕೇಳದ ಮಾಲೀಕ ಇರುವ ಕಡೆ ಈ ಭರವಸೆ ಇನ್ನೂ ಹೆಚ್ಚಾಗಿ ಬೇಕಾಗುತ್ತದೆ. ಆನ್‌ಲೈನ್ ಅಂಗಡಿ ಮಾರುವ ಮೊದಲ ಸರಕು ಈ ಭರವಸೆಯೇ. ಕೆಟ್ಟದ್ದನ್ನು ವಾಪಸು ತರಿಸಿಕೊಳ್ಳಲು, ಕೊಟ್ಟ ಹಣವನ್ನು ವಾಪಸು ಕಳಿಸಲು, ಜಗಳವಾದರೆ ಒಂದೇ ಕಾನೂನಿನ ಕೆಳಗೆ ಇಬ್ಬರೂ ನಿಲ್ಲಲು ಎಲ್ಲಿಯವರೆಗೆ ಸಾಧ್ಯವೋ ಅಲ್ಲಿಯವರೆಗೆ ಮಾತ್ರ ಆ ಅಂಗಡಿ ನಿಜವಾಗಿ ಇರುತ್ತದೆ. ಈ ಮೂರೂ ಬಹುಮಟ್ಟಿಗೆ ದೇಶದ ಗಡಿಯಲ್ಲೇ ನಿಂತುಬಿಡುತ್ತವೆ.

ಇದಕ್ಕೆ ಎದುರಾಗಿ ಅಮೆಜಾನಿನ ಉದಾಹರಣೆಯನ್ನು ಕೊಡುವವರಿದ್ದಾರೆ. 1995ರ ಜುಲೈಯಲ್ಲಿ ಸಿಯಾಟಲ್‌ನಿಂದ ಪುಸ್ತಕ ಮಾರಲು ತೊಡಗಿದ ಆ ಕಂಪನಿಗೆ ಮೊದಲ ಒಂದು ತಿಂಗಳಲ್ಲೇ ಅಮೆರಿಕದ ಎಲ್ಲ 50 ರಾಜ್ಯಗಳಿಂದಲೂ, ಹೊರಗಿನ 45 ದೇಶಗಳಿಂದಲೂ ಬೇಡಿಕೆ ಬಂದಿತ್ತು ಎಂದು ಅದರ ಸ್ಥಾಪಕ ಜೆಫ್ ಬೆಜೋಸ್ ಹೇಳಿಕೊಂಡಿದ್ದಾರೆ. ಆದರೆ ಅವರು ಮಾರುತ್ತಿದ್ದ ವಸ್ತು ಯಾವುದು ಎಂಬುದನ್ನು ಗಮನಿಸಬೇಕು. ಪುಸ್ತಕ ಕೆಡುವುದಿಲ್ಲ, ಸೋರುವುದಿಲ್ಲ, ಅಳತೆ ತಪ್ಪುವುದಿಲ್ಲ. ಶೀರ್ಷಿಕೆ ಸರಿಯಾಗಿದ್ದರೆ ವಾಪಸು ಕಳಿಸುವ ಪ್ರಸಂಗವೇ ಅಪರೂಪ. ಅಂಥ ಸರಕನ್ನು ಮಾರುತ್ತಿದ್ದ ಕಂಪನಿಯೂ ಬ್ರಿಟನ್ನಿನಲ್ಲಿ ಮತ್ತು ಜರ್ಮನಿಯಲ್ಲಿ ನಿಜವಾದ ಅಂಗಡಿ ತೆರೆಯಲು 1998ರವರೆಗೆ ಕಾದಿತು. ಆಗಲೂ ಸಿಯಾಟಲ್‌ನಿಂದಲೇ ಎಲ್ಲವನ್ನೂ ನಡೆಸಲು ಹೋಗದೆ, ಬ್ರಿಟನ್ನಿನ ಬುಕ್‌ಪೇಜಸ್ ಮತ್ತು ಜರ್ಮನಿಯ ಟೆಲಿಬುಕ್ ಎಂಬ ಅಲ್ಲಿಯವೇ ಆನ್‌ಲೈನ್ ಪುಸ್ತಕದಂಗಡಿಗಳನ್ನು ಕೊಂಡು, ಅವುಗಳನ್ನೇ ತನ್ನ ಅಂಗಡಿಗಳನ್ನಾಗಿ ಮಾರ್ಪಡಿಸಿತು. ಹೊರದೇಶಕ್ಕೆ ಪಾರ್ಸೆಲ್ ಕಳಿಸುವುದಕ್ಕೂ ಹೊರದೇಶದಲ್ಲಿ ಅಂಗಡಿ ನಡೆಸುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಅಮೆಜಾನ್ ಬಹಳ ಬೇಗ ತಿಳಿದುಕೊಂಡಿತ್ತು. ಭಾರತದಲ್ಲಿ ಅದು ಅಂಗಡಿ ತೆರೆದದ್ದು 2013ರ ಜೂನ್‌ನಲ್ಲಿ, ಮೊದಲ ಅಂಗಡಿ ಶುರುವಾಗಿ ಹದಿನೆಂಟು ವರ್ಷಗಳಾದ ಮೇಲೆ.

ದೂರದ ಅಂಗಡಿಯಿಂದ ಸರಕು ತರಿಸುವುದು ಮಲೆನಾಡಿನವರಿಗೆ ಇಂಟರ್‌ನೆಟ್ ಕಲಿಸಿದ ವಿದ್ಯೆಯಲ್ಲ. ನಮ್ಮ ಹಿರಿಯರು ಪುಸ್ತಕ, ಗಡಿಯಾರ, ತರಕಾರಿ ಬೀಜ, ಆಯುರ್ವೇದದ ಔಷಧಿಗಳನ್ನು ವಿ.ಪಿ.ಪಿ. ಮೂಲಕ ತರಿಸುತ್ತಿದ್ದರು. 1877ರಲ್ಲೇ ಭಾರತದ ಅಂಚೆ ಇಲಾಖೆ ಜಾರಿಗೆ ತಂದ ಆ ವ್ಯವಸ್ಥೆಯಲ್ಲಿ ಗ್ರಾಹಕ ಅಂಚೆಯವರಿಗೆ ಹಣ ಕೊಟ್ಟು ಕಟ್ಟನ್ನು ಬಿಡಿಸಿಕೊಳ್ಳಬೇಕು, ಹಣ ಮನಿಯಾರ್ಡರಾಗಿ ಮಾರಿದವರಿಗೆ ತಲುಪಬೇಕು, ಬಿಡಿಸಿಕೊಳ್ಳದಿದ್ದರೆ ಕಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಸರಕು ಹೋಗುವ ದಾರಿ, ಹಣ ಬರುವ ದಾರಿ, ಸರಕು ಮರಳುವ ದಾರಿ ಮೂರೂ ಒಂದೇ ಇಲಾಖೆಯ ಕೈಯಲ್ಲಿದ್ದುದರಿಂದ ತೀರ್ಥಹಳ್ಳಿಯ ಓದುಗನೂ ಧಾರವಾಡದ ಪ್ರಕಾಶಕನೂ ಒಬ್ಬರನ್ನೊಬ್ಬರು ನೋಡದೆಯೇ ವ್ಯವಹಾರ ಮಾಡಬಹುದಾಗಿತ್ತು. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಷ್ ಆನ್ ಡೆಲಿವರಿ ತಂದಾಗ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಕ್ರೆಡಿಟ್ ಕಾರ್ಡ್ ಇಲ್ಲದ, ಇದ್ದರೂ ಅದರ ನಂಬರನ್ನು ಕಂಪ್ಯೂಟರಿಗೆ ಕೊಡಲು ಹಿಂಜರಿಯುವ ಮನೆಗಳು ಅದರಿಂದ ಗ್ರಾಹಕರಾದವು. ಅದಕ್ಕಾಗಿ ಕಂಪನಿ ಇಕಾರ್ಟ್ ಎಂಬ ತನ್ನದೇ ಸಾಗಣೆ ಜಾಲವನ್ನು ಕಟ್ಟಬೇಕಾಯಿತು. ಹಣ ಎಣಿಸಿಕೊಳ್ಳುವ ಹುಡುಗ, ಆ ಹಣವನ್ನು ಸಂಜೆ ಒಪ್ಪಿಸುವ ಹಬ್, ಮರಳಿದ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಗೋದಾಮು ಇವನ್ನೆಲ್ಲ ಒಂದು ದೇಶದಲ್ಲಿ ಕಟ್ಟಿದ ಮಾತ್ರಕ್ಕೆ ಇನ್ನೊಂದು ದೇಶಕ್ಕೆ ಎತ್ತಿ ಒಯ್ಯಲಾಗದು.

ಅದರ ಮೇಲೆ, ಆ ದಿನಗಳ ಭಾರತವನ್ನು ವ್ಯಾಪಾರದ ದೃಷ್ಟಿಯಿಂದ ಒಂದು ದೇಶ ಎನ್ನುವುದೂ ಕಷ್ಟವಾಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೆ ರಾಜ್ಯದೊಳಗಿನ ಮಾರಾಟಕ್ಕೆ ವ್ಯಾಟ್ (ಮೌಲ್ಯವರ್ಧಿತ ತೆರಿಗೆ), ಹೊರರಾಜ್ಯದ ಮಾರಾಟಕ್ಕೆ ಕೇಂದ್ರ ಮಾರಾಟ ತೆರಿಗೆ, ಕೆಲವು ರಾಜ್ಯಗಳಲ್ಲಿ ಪ್ರವೇಶ ತೆರಿಗೆ, ಗಡಿಯಲ್ಲಿ ಚೆಕ್‌ಪೋಸ್ಟ್, ಒಂದೊಂದು ರಾಜ್ಯಕ್ಕೂ ಒಂದೊಂದು ಫಾರಂ ಇದ್ದವು. ಸರಕು ಸಾಗಿಸುವ ಮೊದಲು ನಮ್ಮ ಕರ್ನಾಟಕದಲ್ಲಿ ಇ-ಸುಗಮ್ ಎಂಬ ಆನ್‌ಲೈನ್ ಸಾಗಣೆ ಪತ್ರದ ನಂಬರ್ ತೆಗೆಯಬೇಕಿತ್ತು. ಉತ್ತರ ಪ್ರದೇಶದಂಥ ಕಡೆಗೆ ಬೆಲೆಬಾಳುವ ವಸ್ತು ಹೋಗಬೇಕಾದರೆ ತೆರಿಗೆ ಇಲಾಖೆಯ ಫಾರಂ ಇಲ್ಲದೆ ಲಾರಿ ಗಡಿ ದಾಟುತ್ತಿರಲಿಲ್ಲ. 2014ರಲ್ಲಿ ಬೆಂಗಳೂರಿನ ಅಮೆಜಾನ್ ಗೋದಾಮಿನಲ್ಲಿ ಹೊರಗಿನ ಮಾರಾಟಗಾರರು ಇಟ್ಟಿದ್ದ ಸರಕಿನ ತೆರಿಗೆ ಯಾರ ಹೊಣೆ ಎಂಬ ಬಗ್ಗೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೂ ಕಂಪನಿಗೂ ನಡೆದ ವಿವಾದ ಪತ್ರಿಕೆಗಳಲ್ಲಿ ಬಹಳ ದಿನ ಸುದ್ದಿಯಾಗಿತ್ತು. ಗೋದಾಮು ಎಂದರೆ ಸರಕು ಇಡುವ ಜಾಗವೋ, ವ್ಯಾಪಾರದ ಸ್ಥಳವೋ ಎಂಬ ಮೂಲ ಪ್ರಶ್ನೆಗೇ ಅಂದಿನ ಕಾನೂನಿನಲ್ಲಿ ಸ್ಪಷ್ಟ ಉತ್ತರವಿರಲಿಲ್ಲ. ಆ ಕಾಲದಲ್ಲಿ ಈ ಕೆಲಸ ಮಾಡಿದ ನನ್ನಂಥವರಿಗೆ ಗೊತ್ತು, ಒಂದೇ ದೇಶಕ್ಕೆ ಮಾರುತ್ತೇವೆ ಎಂದು ಹೊರಟ ಕಂಪನಿಗಳು ನಿಜವಾಗಿ ಇಪ್ಪತ್ತೆಂಟು ಸಣ್ಣ ದೇಶಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದವು. ಫ್ಲಿಪ್‌ಕಾರ್ಟ್ ಹೊರದೇಶದ ಗ್ರಾಹಕರ ಗೋಜಿಗೇ ಹೋಗದೆ ಇಲ್ಲೇ ಬೆಳೆದು, 2018ರಲ್ಲಿ ಅದರ ಶೇಕಡಾ 77 ಪಾಲನ್ನು ವಾಲ್‌ಮಾರ್ಟ್ 1,600 ಕೋಟಿ ಡಾಲರ್‌ಗೆ ಕೊಂಡುಕೊಳ್ಳುವಷ್ಟು ದೊಡ್ಡದಾಯಿತು ಎಂಬುದನ್ನು ನೋಡಿದರೆ, ಒಂದು ದೇಶ ಎಷ್ಟು ವಿಶಾಲವಾದ ಹೊಲ ಎಂಬುದು ಅರ್ಥವಾಗುತ್ತದೆ.

ಜಿಎಸ್‌ಟಿಯ ನಂತರವೂ ರಾಜ್ಯದ ಗಡಿ ಪೂರ್ತಿ ಅಳಿಸಿಹೋಗಿಲ್ಲ ಎಂಬುದನ್ನು ಹೊಸನಗರದ ಕಡೆ ಮದುವೆಯಾಗಿ ಹೋಗಿರುವ ನನ್ನ ತಂಗಿಯ ಮಗಳ ವ್ಯಾಪಾರದಲ್ಲಿ ದಿನವೂ ಕಾಣುತ್ತಿದ್ದೇನೆ. ಅವಳು ತನ್ನ ಅತ್ತೆಯ ಜೊತೆಗೂಡಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. 2023ರ ಅಕ್ಟೋಬರಿನಿಂದ ಅಂಥ ಸಣ್ಣವರು ದೊಡ್ಡ ಆನ್‌ಲೈನ್ ತಾಣಗಳ ಮೂಲಕ ರಾಜ್ಯದೊಳಗೆ ಮಾರಲೂ ಅವಕಾಶವಿದೆ. ಆದರೆ ತೆರಿಗೆಗೆ ಒಳಪಡುವ ಉಪ್ಪಿನಕಾಯಿಯ ಒಂದೇ ಒಂದು ಬಾಟಲಿ ಪುಣೆಗೆ ಹೋದರೂ ನೋಂದಣಿ ಬೇಕಾಗುತ್ತದೆ. ಹೀಗಾಗಿ ಅವಳ ಅಂಗಡಿ ಮೊದಲು ತೆರೆದದ್ದು ಕರ್ನಾಟಕದ ಪಿನ್‌ಕೋಡುಗಳಿಗೆ ಮಾತ್ರ. ಮುಂಬೈ, ಪುಣೆಗಳಲ್ಲಿರುವ ಮಲೆನಾಡಿಗರು ಮತ್ತೆ ಮತ್ತೆ ಕೇಳಿದ ಮೇಲೆ, ತಿಂಗಳ ಲೆಕ್ಕ ಬರೆದಿಡುವ ಅಭ್ಯಾಸ ಕುದುರಿದ ಮೇಲೆ, ನೋಂದಣಿ ಮಾಡಿಸಿ ಮಹಾರಾಷ್ಟ್ರಕ್ಕೂ ತೆರೆದಳು.

ಅವಳು ಪಾರ್ಸೆಲ್ ಕಟ್ಟುವುದನ್ನು ನೋಡಿದರೆ ಗಡಿಯ ವಿಷಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಿಡಿ ಉಪ್ಪಿನಕಾಯಿಯಲ್ಲಿ ಉಪ್ಪುನೀರು, ಸಾಸಿವೆ, ಮೆಣಸಿನಪುಡಿಯ ಜೊತೆ ಮಿಡಿಯ ಸೊನೆಯೂ ಸೇರಿರುತ್ತದೆ. ಆ ಸೊನೆಯ ಪರಿಮಳಕ್ಕಾಗಿಯೇ ಜನ ಅದನ್ನು ಕೊಳ್ಳುವುದು. ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಮುಚ್ಚಳ ಬಿಗಿದು, ಟೇಪು ಸುತ್ತಿದ ಮೇಲೆ ಅವಳು ಬಾಟಲಿಗಳನ್ನು ಹಳೆಯ ದಿನಪತ್ರಿಕೆಯ ಮೇಲೆ ಅಡ್ಡ ಮಲಗಿಸಿ ರಾತ್ರಿಯೆಲ್ಲ ಬಿಡುತ್ತಾಳೆ. ಬೆಳಿಗ್ಗೆ ಕಾಗದದ ಮೇಲೆ ಎಣ್ಣೆಯದೋ ನೀರಿನದೋ ಕಲೆ ಕಂಡರೆ ಆ ಬಾಟಲಿ ಹೋಗುವಂತಿಲ್ಲ. ಇಷ್ಟೆಲ್ಲ ಮಾಡಿಯೂ ಮಳೆಗಾಲದಲ್ಲಿ ಒದ್ದೆಯಾದ ರಟ್ಟಿನ ಪೆಟ್ಟಿಗೆ ಕುಸಿದು ಒಂದೊಂದು ಬಾಟಲಿ ಒಡೆಯುವುದುಂಟು. ಬೆಂಗಳೂರಿನ ಗ್ರಾಹಕಿ ಒಡೆದ ಬಾಟಲಿಯ ಫೋಟೊ ಕಳಿಸಿದರೆ ಇವಳು ಆ ಕ್ಷಣವೇ ಯುಪಿಐ ಮೂಲಕ ಹಣ ಹಿಂದಿರುಗಿಸುತ್ತಾಳೆ, ಇಲ್ಲವೇ ಮಾರನೆಯ ದಿನ ಇನ್ನೊಂದು ಬಾಟಲಿ ಕಳಿಸುತ್ತಾಳೆ. ನಷ್ಟವಾಗುತ್ತದೆ, ಆದರೆ ಆ ನಷ್ಟ ಎಷ್ಟೆಂದು ಮೊದಲೇ ಅಂದಾಜಿಸಿ ಬೆಲೆಯಲ್ಲಿ ಸೇರಿಸಿಕೊಳ್ಳಬಹುದು. ಕೊರಿಯರಿನವರು ಆರ್‌ಟಿಒ ಎಂದು ಕರೆಯುವ ಪಾರ್ಸೆಲ್‌ಗಳದ್ದೂ, ಅಂದರೆ ಗ್ರಾಹಕರು ತೆಗೆದುಕೊಳ್ಳದೆ ಹೊರಟಲ್ಲಿಗೇ ಮರಳುವ ಪಾರ್ಸೆಲ್‌ಗಳದ್ದೂ ಹೀಗೆಯೇ. ಹೋಗುವ ಸಾಗಣೆಯ ಖರ್ಚು, ಬರುವ ಖರ್ಚು ಎರಡೂ ಮೈಮೇಲೆ ಬಿದ್ದರೂ ಉಪ್ಪಿನಕಾಯಿ ಮನೆಗೆ ಬಂದೇ ಬರುತ್ತದೆ.

"ಮಾವ, ಉಪ್ಪಿನಕಾಯಿ ಕೇಳ್ತಿರೋ ಅಮೆರಿಕದ ನ್ಯೂಜೆರ್ಸಿಯವರು ಸಾಗಣೆ ಖರ್ಚು ತಾವೇ ಕೊಡ್ತೇವೆ ಅಂತಾರಲ್ಲ, ಮತ್ತೇನು ತೊಂದರೆ?" ಎಂದು ಅವಳು ಕೇಳಿದಳು.

"ಕೊಡಲಿ ಮಾರಾಯ್ತಿ. ಅಲ್ಲಿ ಬಾಟಲಿ ಒಡೆದರೆ, ಅಥವಾ ಕಸ್ಟಮ್ಸ್‌ನವರು ತಡೆದಿಟ್ಟರೆ ಆಮೇಲಿನ ಖರ್ಚು ಯಾರದ್ದು ಅಂತ ಅವರನ್ನು ಕೇಳು," ಎಂದೆ.

ಕೇಳಿದ್ದಕ್ಕೆ ಅವರಲ್ಲೂ ಉತ್ತರವಿರಲಿಲ್ಲ. ಹೊರದೇಶಕ್ಕೆ ಹೋದ ಸರಕು ಮರಳಿ ಬಂದರೆ ಅದು ಕಾನೂನಿನ ಪ್ರಕಾರ ಆಮದು. ನಾವೇ ಕಳಿಸಿದ ಸರಕು ಇದು ಎಂದು ಕಸ್ಟಮ್ಸ್‌ಗೆ ದಾಖಲೆಯೊಂದಿಗೆ ತೋರಿಸಬೇಕು, ರಫ್ತಿನ ಲೆಕ್ಕದಲ್ಲಿ ತೆರಿಗೆ ವಾಪಸು ಪಡೆದಿದ್ದರೆ ಅದನ್ನು ತೀರಿಸಬೇಕು. ಕೆಲವು ನೂರು ರೂಪಾಯಿಯ ಉಪ್ಪಿನಕಾಯಿಗೆ ಇದನ್ನೆಲ್ಲ ಯಾರೂ ಮಾಡುವುದಿಲ್ಲ, ಹಾಗಾಗಿ ಆ ಬಾಟಲಿ ಅಲ್ಲೇ ಕಸವಾಗುತ್ತದೆ. ಹಣ ವಾಪಸು ಕೊಡಬೇಕಾದಾಗ ಕಾರ್ಡಿನ ಕಂಪನಿಯ ಶುಲ್ಕ, ಕರೆನ್ಸಿ ಬದಲಾವಣೆಯ ನಷ್ಟ ಎರಡು ಸಲ ಬೀಳುತ್ತವೆ. ನೂರರಲ್ಲಿ ಎಷ್ಟು ಪಾರ್ಸೆಲ್ ಹೀಗಾಗಬಹುದು ಎಂದು ಅಂದಾಜಿಸಲು ಅವಳಲ್ಲಿ ಹಳೆಯ ಲೆಕ್ಕವೂ ಇಲ್ಲ. ಅಂದಾಜಿಸಲಾಗದ ನಷ್ಟವನ್ನು ಬೆಲೆಯಲ್ಲಿ ಸೇರಿಸಲಾಗದು. ಬೆಲೆ ಕಟ್ಟಲಾಗದ ಕಡೆ ಅಂಗಡಿ ತೆರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವಿಳಾಸದ ಸಂಗತಿಯನ್ನೂ ಇಲ್ಲಿ ಹೇಳಬೇಕು. ಮಲೆನಾಡಿನಲ್ಲಿ ಮನೆಗಳು ಒಂಟಿ ಒಂಟಿ. ತೋಟದ ತಲೆಯಲ್ಲೊಂದು, ಗುಡ್ಡದ ಬುಡದಲ್ಲೊಂದು. ವಿಳಾಸವೆಂದರೆ ಯಜಮಾನರ ಹೆಸರು, ಊರು, ಅಂಚೆ, ತಾಲ್ಲೂಕು ಅಷ್ಟೇ. 1972ರಲ್ಲಿ ಬಂದ ಪಿನ್‌ಕೋಡ್ ಪಾರ್ಸೆಲ್ಲನ್ನು ಅಂಚೆ ಕಚೇರಿಯವರೆಗೆ ತಪ್ಪದೆ ತರುತ್ತದೆ, ಅಲ್ಲಿಂದ ಮುಂದೆ ದಾರಿ ಹೇಳುವುದು ಜನರ ಬಾಯಿ. ಕೊರಿಯರ್ ಹುಡುಗ ಫೋನ್ ಮಾಡಿ "ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಟ್ಟಿರಲಾ?" ಎಂದು ಕೇಳುವುದು, ನಾವು ಹೂಂ ಎನ್ನುವುದು ಇಲ್ಲಿ ದಿನನಿತ್ಯದ ಮಾತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ ಸಾಗರದಿಂದ ಏನು ಬರಬೇಕಾದರೂ ಲಾಂಚ್ ಹತ್ತಬೇಕಿತ್ತು, ಇಲ್ಲವೇ ಬಹಳ ದೂರ ಸುತ್ತಿ ಬರಬೇಕಿತ್ತು. ಮಳೆಗಾಲದಲ್ಲಿ ಕರೆಂಟು ಹೋಗಿ, ಟವರ್ ಸತ್ತು, ಗ್ರಾಹಕರ ಫೋನು ಸಿಗದಿದ್ದಾಗ ಪಾರ್ಸೆಲ್ಲನ್ನು ಎರಡು ದಿನ ಇಟ್ಟುಕೊಂಡು ಮತ್ತೆ ಪ್ರಯತ್ನಿಸಬೇಕು, ಕೂಡಲೇ ವಾಪಸು ಹಾಕಬಾರದು ಎಂಬ ತಿಳಿವಳಿಕೆ ಯಾವ ತಂತ್ರಾಂಶದೊಳಗೂ ತಾನಾಗಿ ಬರುವುದಿಲ್ಲ. ಭಾಷೆಯ ವಿಷಯವೂ ಹೀಗೆಯೇ. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ತಮ್ಮ ಆ್ಯಪ್‌ಗಳನ್ನು ಕನ್ನಡದಲ್ಲಿ ತಂದದ್ದು 2020ರಲ್ಲಿ. ತನ್ನದೇ ದೇಶದ, ತಾನು ಹುಟ್ಟಿದ ಊರಿನ ಭಾಷೆಯನ್ನು ಮುಟ್ಟಲು ಬೆಂಗಳೂರಿನ ಕಂಪನಿಗೇ ಹದಿಮೂರು ವರ್ಷ ಹಿಡಿದಿದೆ.

ಇನ್ನು ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಶಿವಮೊಗ್ಗದವರು ದೆಹಲಿಯ ಮಾರಾಟಗಾರನ ಮೇಲೆ ಶಿವಮೊಗ್ಗದಲ್ಲೇ ದಾವೆ ಹೂಡಬಹುದು. 2020ರ ಇ-ವಾಣಿಜ್ಯ ನಿಯಮಗಳು ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎನ್ನುತ್ತವೆ. ಈ ನಿಯಮಗಳು ಹೊಸಬರಿಗೆ ಹೊರೆಯೆನಿಸಿದರೂ ನನಗೆ ಇವುಗಳ ಮೇಲೆ ಬಹಳ ಗೌರವವಿದೆ, ಏಕೆಂದರೆ ಹೆಸರಿಲ್ಲದ ಸಣ್ಣ ಅಂಗಡಿಯನ್ನು ದೂರದ ಗ್ರಾಹಕರು ನಂಬಲು ಇವೇ ಆಧಾರ. ಗಡಿ ದಾಟಿದ ಕೂಡಲೇ ಈ ಆಧಾರ ಕಳಚುತ್ತದೆ, ಬೇರೆ ನಿಯಮಗಳ ಸಾಲು ಎದುರಾಗುತ್ತದೆ. ಇಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ, ಲೇಬಲ್ಲಿನ ಮೇಲೆ ತೂಕ, ಎಂಆರ್‌ಪಿ, ತಯಾರಕರ ವಿಳಾಸ ಇದ್ದರೆ ಉಪ್ಪಿನಕಾಯಿ ಮಾರಬಹುದು. ಅಮೆರಿಕಕ್ಕೆ ವ್ಯಾಪಾರಕ್ಕೆಂದು ಕಳಿಸಬೇಕಾದರೆ ಆಹಾರ ತಯಾರಿಸುವ ಸ್ಥಳವನ್ನು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯಾದ ಎಫ್‌ಡಿಎಯಲ್ಲಿ ನೋಂದಾಯಿಸಿ, ಅಲ್ಲಿ ಒಬ್ಬ ಪ್ರತಿನಿಧಿಯನ್ನು ನೇಮಿಸಿ, ಸರಕು ತಲುಪುವ ಮೊದಲು ಮುನ್ಸೂಚನೆ ಸಲ್ಲಿಸಬೇಕು. ಹೊಸನಗರದ ಅಡುಗೆಮನೆಗೆ ಅಮೆರಿಕದಲ್ಲೊಬ್ಬ ಪ್ರತಿನಿಧಿ!

ಇಷ್ಟನ್ನೂ ಮಾಡಿ ಮುಗಿಸಿದ ಮೇಲೆ ನಿಯಮವೇ ಬದಲಾಗಬಹುದು. ಐರೋಪ್ಯ ಒಕ್ಕೂಟದಲ್ಲಿ 22 ಯುರೋವರೆಗಿನ ಸಣ್ಣ ಪಾರ್ಸೆಲ್‌ಗಳಿಗೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ಕೊನೆಯಾಯಿತು. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿ ಎಲ್ಲ ದೇಶಗಳಿಗೂ 2025ರ ಆಗಸ್ಟ್ 29ರಿಂದ ರದ್ದಾಯಿತು. ಆ ಸುಂಕವನ್ನು ಯಾರು, ಹೇಗೆ ವಸೂಲಿ ಮಾಡಬೇಕೆಂಬುದು ಸ್ಪಷ್ಟವಾಗದ ಕಾರಣ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಬಹುತೇಕ ಪಾರ್ಸೆಲ್ ಸೇವೆಯನ್ನೇ ನಿಲ್ಲಿಸಿ, ಅಕ್ಟೋಬರ್ ನಡುವಿನಲ್ಲಿ ಮತ್ತೆ ತೆರೆಯಿತು. ಅಂಚೆಯನ್ನೇ ನಂಬಿ ಹೊರಗೆ ಮಾರುತ್ತಿದ್ದ ಸಣ್ಣವರಿಗೆ ಆ ವಾರಗಳು ಹೇಗೆ ಕಳೆದಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ದೊಡ್ಡ ಕಂಪನಿಗೆ ಒಂದು ದೇಶದ ಬಾಗಿಲು ಮುಚ್ಚಿದರೆ ಇನ್ನೊಂದು ದೇಶದ ವರಮಾನದಲ್ಲಿ ತೂಗಿಸಿಕೊಳ್ಳಬಹುದು. ಮನೆಯಲ್ಲೇ ಮಾಡಿ ಮಾರುವವರಿಗೆ ಆ ವರ್ಷದ ಮಿಡಿಯೇ ಆ ವರ್ಷದ ಬಂಡವಾಳ.

ಇದಕ್ಕೆ ಅಪವಾದಗಳಿಲ್ಲವೆಂದಲ್ಲ. 2015ರಲ್ಲಿ ಸಿಂಗಪುರದಿಂದ ಹೊರಟ ಶಾಪೀ ಎಂಬ ಆನ್‌ಲೈನ್ ಮಾರಾಟ ತಾಣ ಆರಂಭದಲ್ಲೇ ಏಳು ಮಾರುಕಟ್ಟೆಗಳಿಗೆ ಹೋಯಿತು. 1999ರಲ್ಲಿ ಅರ್ಜೆಂಟೀನಾದಲ್ಲಿ ಹುಟ್ಟಿದ ಮೆರ್ಕಾಡೊ ಲಿಬ್ರೆ ಸ್ವಲ್ಪ ಕಾಲದಲ್ಲೇ ಬ್ರೆಜಿಲ್, ಮೆಕ್ಸಿಕೊಗಳಿಗೂ ಹರಡಿತು. ಸಿಂಗಪುರದಂಥ ಪುಟ್ಟ ದೇಶವನ್ನೇ ನೆಚ್ಚಿಕೊಂಡರೆ ಬೆಳೆಯಲು ಜಾಗವೇ ಇಲ್ಲ, ಆದ್ದರಿಂದ ಅವರು ಹೋಗಲೇಬೇಕಿತ್ತು. ಆದರೆ ಅವರು ಹೋದ ಒಂದೊಂದು ದೇಶದಲ್ಲೂ ಅಲ್ಲಿಯದೇ ತಂಡ, ಅಲ್ಲಿಯದೇ ಹಣ ಪಾವತಿಯ ವ್ಯವಸ್ಥೆ, ಅಲ್ಲಿಯದೇ ಮಾರಾಟಗಾರರನ್ನು ಕಟ್ಟಿಕೊಂಡರು; ಕೈಯಲ್ಲಿ ದೊಡ್ಡ ಹೂಡಿಕೆ ಇದ್ದುದರಿಂದ ಅದು ಸಾಧ್ಯವಾಯಿತು. ಉಡುಪು ಮಾರುವ ಜರ್ಮನಿಯ ಜಲಾಂಡೊ 2008ರಲ್ಲಿ ಬರ್ಲಿನ್‌ನಲ್ಲಿ ಶುರುವಾಗಿ, ಮೊದಲು ಅದೇ ಭಾಷೆಯ ನೆರೆಯ ಆಸ್ಟ್ರಿಯಾಕ್ಕೆ ಹೋಗಿ, ಆಮೇಲೆ ನೆದರ್‌ಲೆಂಡ್ಸ್, ಫ್ರಾನ್ಸ್‌ಗಳಿಗೆ ಕಾಲಿಟ್ಟಿತು. ಒಂದೇ ಕರೆನ್ಸಿ, ನಡುವೆ ಕಸ್ಟಮ್ಸ್ ಇಲ್ಲದ ಗಡಿ ಇದ್ದರೂ ಈ ನಿಧಾನ! ಅಲ್ಲಿ ಕೊಂಡ ಉಡುಪುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಾಪಸು ಬರುತ್ತವೆ ಎಂದು ಆ ಕಂಪನಿಯೇ ಹೇಳಿಕೊಂಡಿರುವುದನ್ನು ನೆನಪಿಟ್ಟರೆ ಆ ನಿಧಾನದ ಕಾರಣವೂ ಹೊಳೆಯುತ್ತದೆ. ಹಣ ಕಟ್ಟುವ ರೀತಿಯೂ ದೇಶಕ್ಕೊಂದು: ಮೊದಲು ಸರಕು ಪಡೆದು, ಆಮೇಲೆ ಬಿಲ್ಲು ನೋಡಿ ಹಣ ಕಟ್ಟುವುದು ಜರ್ಮನ್ನರ ರೂಢಿ; ನೆದರ್‌ಲೆಂಡ್ಸಿನ ಡಚ್ಚರು ಹೆಚ್ಚಾಗಿ ತಮ್ಮ ಬ್ಯಾಂಕುಗಳ ಐಡೀಲ್ ಪದ್ಧತಿಯಲ್ಲಿ ಕಟ್ಟುತ್ತಿದ್ದರು. ಹಣಬಲವೊಂದೇ ಸಾಕಾಗುವುದಿಲ್ಲ ಎಂಬುದಕ್ಕೆ ಚೀನಾದಿಂದ ಹಿಂದೆ ಸರಿದ ಇಬೇ ಮತ್ತು 2019ರಲ್ಲಿ ಅಲ್ಲಿನ ದೇಶೀಯ ಮಾರಾಟ ತಾಣವನ್ನು ಮುಚ್ಚಿದ ಅಮೆಜಾನ್ ಇವೆ.

ಹಾಗಾದರೆ ಮಲೆನಾಡಿನ ಸರಕು ಹೊರದೇಶ ನೋಡಲೇಬಾರದೇ ಎಂದು ಕೇಳಿದರೆ, ಅದು ಎಷ್ಟೋ ವರ್ಷಗಳಿಂದ ನೋಡುತ್ತಲೇ ಇದೆ. ನಮ್ಮ ಅಡಿಕೆ ಹಾಳೆಯ ತಟ್ಟೆಗಳು ಯುರೋಪಿನ, ಅಮೆರಿಕದ ಔತಣಗಳಲ್ಲಿ ಬಳಕೆಯಾಗಿವೆ. ಅವು ಹೋಗುವುದು ಹತ್ತು ತಟ್ಟೆಯ ಸಾವಿರ ಪಾರ್ಸೆಲ್‌ಗಳಾಗಿ ಅಲ್ಲ. ಅಲ್ಲಿನ ಆಮದುದಾರನೊಬ್ಬನಿಗೆ ಕಂಟೇನರಿನಲ್ಲಿ ಒಟ್ಟಿಗೆ ಹೋಗುತ್ತವೆ. ಬೂಷ್ಟು ಹಿಡಿದ ತಟ್ಟೆಯನ್ನು ಗ್ರಾಹಕರಿಂದ ವಾಪಸು ಪಡೆಯುವುದು, ಹಣ ಕೊಡುವುದು, ಅಲ್ಲಿನ ತೆರಿಗೆ ಕಟ್ಟುವುದು ಎಲ್ಲವೂ ಆ ಆಮದುದಾರನ ಕೆಲಸ. ಅಂದರೆ ಅಲ್ಲಿನ ಅಂಗಡಿ ಅವನದು, ಅವನೂ ತನ್ನ ಒಂದು ದೇಶದ ಗ್ರಾಹಕರನ್ನೇ ನೋಡಿಕೊಳ್ಳುತ್ತಾನೆ. ಈ ದಾರಿಯಲ್ಲೂ ಕುತ್ತು ಬರುವುದಿಲ್ಲ ಎನ್ನಲಾರೆ. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಹಾಳೆಯಿಂದ ಆಹಾರಕ್ಕೆ ಸೇರಬಹುದೆಂಬ ಕಾರಣ ಕೊಟ್ಟು ಅಮೆರಿಕದ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಈ ತಟ್ಟೆಗಳ ಮೇಲೆ ಆಮದು ಎಚ್ಚರಿಕೆ, ಅಂದರೆ ಸರಕನ್ನು ಗಡಿಯಲ್ಲೇ ತಡೆಹಿಡಿಯಬಹುದೆಂಬ ಸೂಚನೆ, ಹೊರಡಿಸಿತು. ಶಿವಮೊಗ್ಗ ಮತ್ತು ಕರಾವಳಿಯ ತಟ್ಟೆ ತಯಾರಕರಿಗೆ ಅದರ ಪೆಟ್ಟು ಬಿದ್ದಿದೆ. ಅಮೆರಿಕವನ್ನೇ ನೆಚ್ಚಿಕೊಂಡವರಿಗೆ ಹೆಚ್ಚು, ಒಳನಾಡಿನ ಮದುವೆ ಮನೆಗಳಿಗೂ ಮಾರುತ್ತಿದ್ದವರಿಗೆ ಕಡಿಮೆ.

ತಂಗಿಯ ಮಗಳಿಗೆ ಈಗ ನ್ಯೂಜೆರ್ಸಿಯ ಭಾರತೀಯ ದಿನಸಿ ಅಂಗಡಿಯವರೊಬ್ಬರು ಸಗಟಾಗಿ ಮಿಡಿ ಉಪ್ಪಿನಕಾಯಿ ಕೊಳ್ಳುವ ಮಾತಾಡುತ್ತಿದ್ದಾರೆ. ಅವರ ಜೊತೆ ಮಾಡಿಕೊಳ್ಳುವ ಕರಾರಿನಲ್ಲಿ ಬೆಲೆಗಿಂತ ಮೊದಲು ಮೂರು ವಿಷಯ ಬರೆಸಿಕೊಳ್ಳಲು ಹೇಳಿದ್ದೇನೆ: ಬಂದರಿನಲ್ಲಿ ಸರಕು ತಡೆಹಿಡಿದರೆ ನಷ್ಟ ಯಾರದು, ಒಡೆದ ಬಾಟಲಿಗಳ ಲೆಕ್ಕವನ್ನು ಯಾರು ಹೇಗೆ ತೋರಿಸಬೇಕು, ಅಲ್ಲಿನ ನಿಯಮ ಬದಲಾದರೆ ಒಪ್ಪಿಕೊಂಡ ಸರಕನ್ನು ಅವರು ತೆಗೆದುಕೊಳ್ಳಲೇಬೇಕೇ, ಬೇಡವೇ. ಕರಾರಿನ ಕರಡು ಇನ್ನೂ ಅತ್ತಿಂದಿತ್ತ ಓಡಾಡುತ್ತಿದೆ. ಅಷ್ಟರಲ್ಲಿ ಅವಳು ಗೋವಾದ ಪಿನ್‌ಕೋಡುಗಳನ್ನೂ ತೆರೆದಿದ್ದಾಳೆ.